ಆಡದೆ ಉಳಿದ ಒಂದು ಕಾಯಿಲೆಯ ಚರಿತ್ರೆ



ಮಂಗಳೂರಿನ ನಂತೂರಿನಿಂದ ಮೂಡುಬಿದಿರೆಯ ಕಡೆಗೆ ಹೊರಟರೆ ಸ್ವಲ್ಪದರಲ್ಲೇ ಬಿಕರ್ನಕಟ್ಟೆ ಸಿಗುತ್ತದೆ. ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಪುಣ್ಯಕ್ಷೇತ್ರದಿಂದಾಗಿ ಈ ಹೆಸರನ್ನು ನೀವು ಕೇಳಿರಬಹುದು. ಊರಿನ ಹೆಸರಿನಲ್ಲೇ ‘ಕಟ್ಟೆ’ ಇದೆ. ಕಟ್ಟೆ ಎಂದರೆ ನಮ್ಮ ಊರುಗಳಲ್ಲಿ ನಾಲ್ಕು ಜನ ಕುಳಿತು ಮಾತಾಡುವ ಜಾಗ. ಮಳೆ, ಅಡಿಕೆಯ ಧಾರಣೆ, ಯಕ್ಷಗಾನದ ಮೇಳ, ಕಂಬಳದ ಕೋಣ, ಚುನಾವಣೆ, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಹಿರಿಯರ ಸಕ್ಕರೆ ಕಾಯಿಲೆ, ಮಂಡಿನೋವುಗಳೂ ಬರುತ್ತವೆ. ಆದರೆ ಯಾವ ಕಟ್ಟೆಯ ಮೇಲೂ ಎಂದೂ ಬಾಯಿಗೆ ಬಾರದ ಕಾಯಿಲೆಗಳು ಕೆಲವಿವೆ. ಅವುಗಳಲ್ಲೊಂದು ಗಂಡಸರ ಜನನಾಂಗವಾದ ಶಿಶ್ನವು ಅಸಹಜವಾಗಿ ಬಾಗುವ ತೊಂದರೆ.

ಇದನ್ನು ವಿದ್ಯಾರ್ಥಿಗಳಿಗೆ ಯಾಕೆ ಹೇಳಬೇಕು ಎಂದು ಹಿರಿಯರು ಕೇಳಬಹುದು. ಈ ಕಾಯಿಲೆಯ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮುಚ್ಚಿಟ್ಟ ಕಾಲದಲ್ಲಿ ಇದರ ಚಿಕಿತ್ಸೆ ನಿಂತಲ್ಲೇ ನಿಂತಿತು. ಯಾರಾದರೂ ಒಬ್ಬರು ನಾಚಿಕೆ ಬಿಟ್ಟು, ಗೌರವದ ಮಾತಿನಲ್ಲಿ ಬರೆದಾಗಲೆಲ್ಲ ಅದು ಒಂದು ಹೆಜ್ಜೆ ಮುಂದೆ ಹೋಯಿತು. ಆ ಹೆಜ್ಜೆಗಳನ್ನು ಈಗ ಒಂದೊಂದಾಗಿ ನೋಡೋಣ.

ಬಾಗುವುದು ಏಕೆ?

ಮೊದಲು ದೇಹರಚನೆಯನ್ನು ತಿಳಿದುಕೊಳ್ಳಬೇಕು. ಶಿಶ್ನದೊಳಗೆ ಉದ್ದಕ್ಕೂ ಅಕ್ಕಪಕ್ಕದಲ್ಲಿ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳಲ್ಲಿ ರಕ್ತ ತುಂಬಿದಾಗ ಅಂಗ ನಿಮಿರುತ್ತದೆ. ಈ ಕೊಳವೆಗಳ ಸುತ್ತ ಗಟ್ಟಿಯಾದ ಒಂದು ಪೊರೆ ಇದೆ. ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ಎಳೆಗಳಿಂದ ಹೆಣೆದ ಈ ಪೊರೆ ಹಿಗ್ಗಬಲ್ಲದು, ಒಂದು ಮಿತಿಯ ಅನಂತರ ಬಿಗಿಯಾಗಿಯೂ ನಿಲ್ಲಬಲ್ಲದು.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಉದ್ದನೆಯ ಬಲೂನೊಂದರ ಒಂದು ಮಗ್ಗುಲಿಗೆ ಅಂಟುಪಟ್ಟಿಯ ಚೂರನ್ನು ಅಂಟಿಸಿ ಗಾಳಿ ತುಂಬಿರಿ. ಪಟ್ಟಿ ಇರುವ ಕಡೆ ರಬ್ಬರು ಹಿಗ್ಗಲಾರದು, ಎದುರು ಮಗ್ಗುಲು ಹಿಗ್ಗುತ್ತದೆ. ಬಲೂನು ಪಟ್ಟಿಯ ಕಡೆಗೆ ಬಾಗುತ್ತದೆ. ಶಿಶ್ನದ ಬಾಗಿನ ಕಾರಣವೂ ಇಷ್ಟೇ. ಪೊರೆಯ ಒಂದು ಮಗ್ಗುಲು ಇನ್ನೊಂದರಷ್ಟು ಹಿಗ್ಗದಿದ್ದರೆ ಅಂಗ ಆ ಕಡೆಗೆ ವಾಲುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಸ್ವಲ್ಪ ಬಾಗು ಇರುವುದು ಸಹಜ. ಒಬ್ಬರ ಮೂಗಿನಂತೆ ಇನ್ನೊಬ್ಬರ ಮೂಗಿಲ್ಲ, ಇದೂ ಹಾಗೆಯೇ. ನೋವಿಲ್ಲದ, ತೊಂದರೆ ಕೊಡದ ಅಲ್ಪ ಬಾಗಿಗೆ ಚಿಕಿತ್ಸೆಯೇ ಬೇಡ. ಹರೆಯದಲ್ಲಿ ಅನೇಕ ಹುಡುಗರು ಇದನ್ನೇ ದೊಡ್ಡ ಕಾಯಿಲೆಯೆಂದು ತಿಳಿದು ಒಳಗೊಳಗೇ ಕೊರಗುತ್ತಾರೆ.

ನಿಜವಾದ ತೊಂದರೆಗಳಲ್ಲಿ ಎರಡು ಬಗೆ. ಒಂದು, ಹುಟ್ಟಿನಿಂದ ಬಂದದ್ದು. ಪೊರೆಯ ಎರಡು ಮಗ್ಗುಲು ಸಮವಾಗಿ ಬೆಳೆಯದಿದ್ದರೆ ಹೀಗಾಗುತ್ತದೆ. ಕೆಲವು ಮಕ್ಕಳಲ್ಲಿ ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಇದಕ್ಕೆ ಹೈಪೋಸ್ಪೇಡಿಯಾಸ್ ಎಂದು ಹೆಸರು. ಸುಮಾರು 250ರಿಂದ 300 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ, ಅಂಥವರಲ್ಲಿ ಹಲವರಿಗೆ ಕೆಳಮುಖವಾದ ಬಾಗೂ ಇರುತ್ತದೆ. ಇನ್ನೊಂದು, ನಡುವಯಸ್ಸಿನ ಅನಂತರ ಬರುವುದು. ಪೊರೆಯ ಮೇಲೆ ಗಾಯ ಮಾಗಿದಂಥ ಗಡಸು ಗಂಟು ಮೂಡಿ, ನೋವಿನೊಂದಿಗೆ ಬಾಗು ಕಾಣಿಸುತ್ತದೆ. ಇದಕ್ಕೆ ಪೇರೋನಿ ಕಾಯಿಲೆ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಯಾವ ತಪ್ಪಿನ ಶಿಕ್ಷೆಯೂ ಅಲ್ಲ.

ಹಿಂದಿನವರು ಮೌನವಾಗಿದ್ದರೇ?

ನಮ್ಮ ಪೂರ್ವಿಕರು ಇಂಥ ವಿಷಯಗಳನ್ನು ಬರೆಯುತ್ತಲೇ ಇರಲಿಲ್ಲ ಎಂದು ನಾವು ಭಾವಿಸಿದ್ದೇವೆ. ಅದು ಸರಿಯಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಶೂಕದೋಷ’ ಎಂಬ ಒಂದು ಅಧ್ಯಾಯವೇ ಇದೆ. ಅಂಗವನ್ನು ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ವಿಷಕಾರಿ ಲೇಪಗಳನ್ನು ಹಚ್ಚಿಕೊಂಡವರಿಗೆ ಬರುವ ಹದಿನೆಂಟು ಬಗೆಯ ರೋಗಗಳನ್ನು ಅಲ್ಲಿ ಎಣಿಸಿದೆ. ಯೋಚಿಸಿ ನೋಡಿ, ಎಷ್ಟೋ ಶತಮಾನಗಳ ಹಿಂದೆಯೇ ವೈದ್ಯನೊಬ್ಬ ಕಳ್ಳ ಮದ್ದಿನ ಹಾನಿಯನ್ನು ಪಟ್ಟಿ ಮಾಡಿ ಎಚ್ಚರಿಸಿದ್ದ!

ಕನ್ನಡವೂ ಹಿಂದೆ ಬಿದ್ದಿರಲಿಲ್ಲ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ 12ನೆಯ ಶತಮಾನದಲ್ಲಿ ವೈದ್ಯವನ್ನು ಕನ್ನಡಕ್ಕೆ ತಂದಿತು. ಅದಕ್ಕೂ ಮೊದಲು 11ನೆಯ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ವನ್ನು ಬರೆದಿದ್ದ, ಮುಂದೆ ಕಲ್ಲರಸನ ‘ಜನವಶ್ಯ’ ಬಂತು. ಗಂಡು ಹೆಣ್ಣಿನ ಬದುಕನ್ನು ಕುರಿತು ಶಾಸ್ತ್ರವಾಗಿ ಬರೆಯುವುದಕ್ಕೆ ಕನ್ನಡ ಕವಿಗಳು ಹಿಂಜರಿಯಲಿಲ್ಲ. ಮಾತು ಮುಚ್ಚಿಹೋದದ್ದು ಆಮೇಲೆ.

ಪಶ್ಚಿಮದಲ್ಲಿ ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಒಂದು ಸೂಕ್ಷ್ಮವನ್ನು ಗುರುತಿಸಿದ್ದ. ಹೈಪೋಸ್ಪೇಡಿಯಾಸ್ ಇರುವವರಿಗೆ ಮಕ್ಕಳಾಗದಿದ್ದರೆ ಅದು ವೀರ್ಯದ ದೋಷವಲ್ಲ, ಬಾಗಿನಿಂದಾಗಿ ವೀರ್ಯ ಸೇರಬೇಕಾದಲ್ಲಿಗೆ ಸೇರದಿರುವುದೇ ಕಾರಣ ಎಂದು ಅವನು ವಾದಿಸಿದ. ದೋಷ ಮನುಷ್ಯನದಲ್ಲ, ರಚನೆಯದು ಎಂಬ ತಿಳಿವು ಇದು.

ಕ್ಷೌರಿಕನ ಮಗ, ರಾಜನ ವೈದ್ಯ

ಈಗ 18ನೆಯ ಶತಮಾನದ ಫ್ರಾನ್ಸ್ ದೇಶಕ್ಕೆ ಹೋಗೋಣ. ಆ ಕಾಲದಲ್ಲಿ ಅಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಕಸುಬಿನ ಸಂಘಕ್ಕೆ ಸೇರಿದವರು. ಗಡ್ಡ ಬೋಳಿಸುವ ಕೈಯೇ ಕುರು ಕೊಯ್ಯುತ್ತಿತ್ತು. ಲ್ಯಾಟಿನ್ ಓದಿದ ಪಂಡಿತ ವೈದ್ಯರು ಶಸ್ತ್ರ ಹಿಡಿಯುವವರನ್ನು ಕೀಳಾಗಿ ಕಾಣುತ್ತಿದ್ದರು.

ಮೋಂಪೆಲಿಯೆ ಎಂಬ ಊರಿನಲ್ಲಿ 1678ರಲ್ಲಿ ಅಂಥ ಒಬ್ಬ ಕ್ಷೌರಿಕ ಶಸ್ತ್ರವೈದ್ಯನ ಮಗನಾಗಿ ಹುಟ್ಟಿದವನು ಫ್ರಾಂಸ್ವಾ ಜಿಗೋ ದ ಲಾ ಪೇರೋನಿ. ತನ್ನ ಕೈಚಳಕದಿಂದ ಅವನು ಪ್ಯಾರಿಸ್ ಸೇರಿದ, 1736ರಲ್ಲಿ 15ನೆಯ ಲೂಯಿ ದೊರೆಯ ಪ್ರಧಾನ ಶಸ್ತ್ರವೈದ್ಯನಾದ. ಅದಕ್ಕೂ ಮೊದಲೇ, 1731ರಲ್ಲಿ, ತನ್ನ ಹಿರಿಯ ಜಾರ್ಜ್ ಮರೆಷಾಲ್‌ನೊಂದಿಗೆ ಸೇರಿ ಶಸ್ತ್ರವೈದ್ಯರಿಗಾಗಿ ರಾಜ ಅಕಾಡೆಮಿಯನ್ನು ಕಟ್ಟಿದ್ದ.

1743 ಎಂಬ ಇಸವಿಯನ್ನು ಗುರುತು ಹಾಕಿಕೊಳ್ಳಿ. ಆ ವರ್ಷ ಎರಡು ಸಂಗತಿಗಳು ನಡೆದವು. ಶಸ್ತ್ರವೈದ್ಯರನ್ನು ಕ್ಷೌರಿಕರ ಸಂಘದಿಂದ ಬೇರ್ಪಡಿಸುವ ರಾಜಾಜ್ಞೆ ಹೊರಬಿತ್ತು. ಅದೇ ವರ್ಷ ಅಕಾಡೆಮಿಯ ಪ್ರಬಂಧಗಳ ಮೊದಲ ಸಂಪುಟವೂ ಅಚ್ಚಾಯಿತು. ಆ ಸಂಪುಟದಲ್ಲಿ ಲಾ ಪೇರೋನಿ ಈ ಕಾಯಿಲೆಯನ್ನು ವಿವರಿಸಿದ. ಜಪಸರದ ಮಣಿಗಳಂತೆ ಸಾಲಾಗಿ ಗಂಟುಗಳು ಕೈಗೆ ಸಿಗುತ್ತವೆ, ಅವುಗಳಿಂದ ಅಂಗ ಮೇಲಕ್ಕೆ ಬಾಗುತ್ತದೆ ಎಂದು ಬರೆದ. ಅವನಿಗಿಂತ ಮೊದಲೇ ಕೆಲವರು ಇಂಥ ರೋಗಿಗಳನ್ನು ಕಂಡಿದ್ದರು. ಆದರೆ ಎಲ್ಲರೂ ಓದಬಹುದಾದ ಪುಸ್ತಕದಲ್ಲಿ, ಮೊದಲ ಸಂಪುಟದಲ್ಲೇ, ರಾಜವೈದ್ಯನೊಬ್ಬ ಸಂಕೋಚವಿಲ್ಲದೆ ಬರೆದದ್ದರಿಂದ ಕಾಯಿಲೆಗೆ ಅವನ ಹೆಸರೇ ನಿಂತಿತು.

ಅವನು ಸೂಚಿಸಿದ ಚಿಕಿತ್ಸೆ ಯಾವುದು ಗೊತ್ತೆ? ಪಿರೆನೀಸ್ ಬೆಟ್ಟಗಳಲ್ಲಿರುವ ಬಾರೇಜ್ ಎಂಬಲ್ಲಿನ ಬಿಸಿನೀರಿನ ಬುಗ್ಗೆ! ಆ ಚಿಕಿತ್ಸೆ ಇಂದು ಉಳಿದಿಲ್ಲ. ಅಷ್ಟು ಜಾಣನಾದ ವೈದ್ಯ ಬುಗ್ಗೆಯ ನೀರನ್ನು ನಂಬಿದ್ದು ಹೇಗೆ? ಈ ಕಾಯಿಲೆ ಕೆಲವರಲ್ಲಿ ತಾನಾಗಿಯೇ ಇಳಿಯುತ್ತದೆ. ಎಂಟು ರೋಗಿಗಳಲ್ಲಿ ಒಬ್ಬರಿಗೆ ಹೀಗಾಗುತ್ತದೆಂದು ಇಂದಿನ ಅಂದಾಜು. ಆ ಒಬ್ಬರು ಯಾವ ನೀರು ಕುಡಿದಿದ್ದರೂ ಅದೇ ಮದ್ದು ಎನಿಸಿಕೊಳ್ಳುತ್ತದೆ. ನಾಟಿ ಮದ್ದು, ಎಣ್ಣೆ, ಯಂತ್ರ, ತಾಯಿತಗಳೆಲ್ಲ ಇಂದಿಗೂ ಹೆಸರು ಗಳಿಸುತ್ತಿರುವುದು ಈ ಒಬ್ಬರಿಂದಲೇ. ಮದ್ದು ಪಡೆದವರನ್ನು ಪಡೆಯದವರೊಂದಿಗೆ ಹೋಲಿಸಿ ನೋಡದೆ ಯಾವ ಮದ್ದನ್ನೂ ನಂಬಬಾರದು ಎಂಬ ನಿಯಮ ವೈದ್ಯಶಾಸ್ತ್ರದಲ್ಲಿ ಗಟ್ಟಿಯಾದದ್ದು ಬಹಳ ತಡವಾಗಿ.

ಮೈಸೂರು ಯುದ್ಧದಿಂದ ಕಲಿತ ಪಾಠ

ಬಾಗನ್ನು ನೆಟ್ಟಗೆ ಮಾಡಲು ಶಸ್ತ್ರ ಬೇಕು. ಅದಕ್ಕೆ ಚರ್ಮವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿ ಕೂಡಿಸುವ ವಿದ್ಯೆಯೂ ಬೇಕು. ಈ ವಿದ್ಯೆ ಯೂರೋಪಿನಲ್ಲಿ ಮತ್ತೆ ಚಿಗುರಿದ ಕತೆಯಲ್ಲಿ ನಮ್ಮ ನಾಡಿನ ಯುದ್ಧವೊಂದು ಬರುತ್ತದೆ.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ. ಮೂಗು ಕೊಯ್ಯುವುದೆಂದರೆ ಮಾನ ಕಳೆಯುವುದು. ಮುಖ ಮುಚ್ಚಿಕೊಂಡು ಬದುಕಬೇಕಾದ ಅವನಿಗೆ ಪುಣೆಯ ಬಳಿ ಕುಂಬಾರ ಕುಲದ ವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಚರ್ಮವನ್ನು ಪೂರ್ತಿ ಕತ್ತರಿಸದೆ, ರಕ್ತ ಹರಿಯುವ ಬುಡವನ್ನು ಉಳಿಸಿಕೊಂಡು ತಿರುಗಿಸುವುದೇ ಇದರ ಗುಟ್ಟು. ಲಂಡನ್ನಿನ ಒಂದು ಪತ್ರಿಕೆಯಲ್ಲಿ 1794ರಲ್ಲಿ ಈ ಸುದ್ದಿ ಚಿತ್ರಸಹಿತ ಪ್ರಕಟವಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಸರ್ಜರಿ ಯೂರೋಪಿನಲ್ಲಿ ವೇಗವಾಗಿ ಬೆಳೆಯಿತು.

ಮುಖದ ಮೇಲೆ ಫಲಿಸಿದ ಈ ಉಪಾಯವನ್ನು 19ನೆಯ ಶತಮಾನದ ವೈದ್ಯರು ಮರೆಯಾದ ಅಂಗಕ್ಕೂ ತಂದರು. ಅಮೆರಿಕದ ವರ್ಜೀನಿಯಾದ ಜಾನ್ ಮೆಟಾವರ್ 1842ರಲ್ಲಿ ಹುಟ್ಟುಬಾಗನ್ನು ಬಿಡಿಸುವ ವಿಧಾನವನ್ನು ಬರೆದ. ಫ್ರಾನ್ಸಿನ ಸೈಮನ್ ಡ್ಯುಪ್ಲೆ 1874ರಲ್ಲಿ ಹೈಪೋಸ್ಪೇಡಿಯಾಸ್‌ಗೆ ಹಂತಹಂತದ ಚಿಕಿತ್ಸೆಯನ್ನು ವಿವರಿಸಿದ. ಮೊದಲು ಬಾಗನ್ನು ನೆಟ್ಟಗೆ ಮಾಡಬೇಕು, ಅದು ಮಾಗಿದ ಮೇಲೆ ಪಕ್ಕದ ಚರ್ಮವನ್ನೇ ಸುರುಳಿ ಮಾಡಿ ಮೂತ್ರನಾಳವನ್ನು ಕಟ್ಟಬೇಕು ಎಂಬುದು ಅವನ ಕ್ರಮ.

ಇದರಿಂದ ಇಂದಿನ ತಂದೆತಾಯಿಗಳಿಗೆ ಒಂದು ನೇರವಾದ ಪಾಠವಿದೆ. ಹೈಪೋಸ್ಪೇಡಿಯಾಸ್ ಇರುವ ಮಗುವಿನ ಮುಂದೊಗಲೇ ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುವ ಚರ್ಮ. ಆದ್ದರಿಂದ ಅಂಥ ಮಗುವಿಗೆ ತಜ್ಞರನ್ನು ಕೇಳದೆ ಸುನ್ನತಿ ಮಾಡಿಸಬಾರದು. ಚಿಕಿತ್ಸೆಯನ್ನು ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳ ವಯಸ್ಸಿನೊಳಗೆ ಮಾಡುತ್ತಾರೆ. ಮಗುವಿಗೆ ಮುಂದೆ ಅದರ ನೆನಪೂ ಉಳಿಯುವುದಿಲ್ಲ.

ದರ್ಜಿಯ ನೆರಿಗೆ

ಹುಟ್ಟುಬಾಗು ಮಾತ್ರ ಇದ್ದು, ಮೂತ್ರದ್ವಾರ ಸರಿಯಾಗಿಯೇ ಇರುವವರ ಗತಿಯೇನು? ಅವರಿಗೆ 20ನೆಯ ಶತಮಾನದ ನಡುಭಾಗದವರೆಗೂ ತೃಪ್ತಿಕರವಾದ ದಾರಿ ಇರಲಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ರೀಡ್ ನೆಸ್ಬಿಟ್ 1965ರಲ್ಲಿ ಒಂದು ಲೇಖನ ಬರೆದರು. ಅದರಲ್ಲಿದ್ದದ್ದು ಮೂರೇ ಮೂರು ರೋಗಿಗಳ ವಿವರ. ನಮ್ಮ ಬಲೂನನ್ನು ನೆನಪಿಸಿಕೊಳ್ಳಿ. ಗಿಡ್ಡವಾದ ಮಗ್ಗುಲನ್ನು ಉದ್ದ ಮಾಡುವುದು ಕಷ್ಟ, ಉದ್ದವಾದ ಮಗ್ಗುಲನ್ನು ಗಿಡ್ಡ ಮಾಡಬಹುದಲ್ಲ! ದರ್ಜಿ ಬಟ್ಟೆಯನ್ನು ನೆರಿಗೆ ಹಿಡಿದು ಹೊಲಿಯುವಂತೆ, ಎದುರು ಮಗ್ಗುಲಿನ ಪೊರೆಯಿಂದ ಸಣ್ಣ ಎಸಳಿನಂಥ ಚೂರನ್ನು ತೆಗೆದು ಹೊಲಿದರು. ಎರಡು ಮಗ್ಗುಲೂ ಸಮವಾದವು. ಉದ್ದ ಕೊಂಚ ಕಡಿಮೆಯಾಗುತ್ತದೆ ಎಂಬ ಕೊರತೆ ಇದ್ದರೂ, ಈ ವಿಧಾನ ಮತ್ತು ಇದರಿಂದ ಹುಟ್ಟಿದ ಇತರ ವಿಧಾನಗಳು ಇಂದಿಗೂ ಬಳಕೆಯಲ್ಲಿವೆ.

1974ರಲ್ಲಿ ಗಿಟ್ಟಿಸ್ ಮತ್ತು ಮೆಕ್‌ಲಾಕ್ಲಿನ್ ಎಂಬ ವೈದ್ಯರು ಇನ್ನೊಂದು ತೊಡಕನ್ನು ಬಿಡಿಸಿದರು. ರೋಗಿ ಪ್ರಜ್ಞೆ ತಪ್ಪಿ ಮಲಗಿರುವಾಗ ಬಾಗು ಎಷ್ಟಿದೆ ಎಂದು ಕಾಣುವುದು ಹೇಗೆ? ಶುದ್ಧವಾದ ಉಪ್ಪುನೀರನ್ನು ಸೂಜಿಯಿಂದ ತುಂಬಿಸಿ ಅಂಗವನ್ನು ನಿಮಿರಿಸಿದರೆ, ಬಾಗು ಕಣ್ಣಿಗೆ ಕಾಣುತ್ತದೆ. ಹೊಲಿಗೆ ಸರಿಯಾಯಿತೇ ಎಂಬುದನ್ನೂ ಅಲ್ಲೇ ಪರೀಕ್ಷಿಸಬಹುದು. ಅಂದಾಜಿನ ಕೆಲಸ ಅಳತೆಯ ಕೆಲಸವಾಯಿತು.

ಪೇರೋನಿ ಕಾಯಿಲೆಯ ದಾರಿ ಇಷ್ಟು ಸರಳವಾಗಿರಲಿಲ್ಲ. ಅದರಲ್ಲಿ ಎರಡು ಘಟ್ಟಗಳಿವೆ. ಮೊದಲಿನ ಆರರಿಂದ ಹದಿನೆಂಟು ತಿಂಗಳು ನೋವಿರುತ್ತದೆ, ಬಾಗು ಬದಲಾಗುತ್ತಿರುತ್ತದೆ. ಆಮೇಲೆ ನೋವು ಇಳಿದು ಬಾಗು ನೆಲೆಯಾಗಿ ನಿಲ್ಲುತ್ತದೆ. ನೆಲೆ ನಿಲ್ಲುವ ಮೊದಲೇ ಶಸ್ತ್ರ ಹಾಕಿದರೆ ಮತ್ತೆ ಬಾಗಬಹುದು. ಕೆಸರು ಗದ್ದೆಯಲ್ಲಿ ಗೋಡೆ ಕಟ್ಟಿದ ಹಾಗೆ. ನೆಲೆಯಾದ ಮೇಲೆ ಬಾಗಿನಿಂದ ಸಂಸಾರಕ್ಕೆ ತೊಡಕಾಗುತ್ತಿದ್ದರೆ ನೆರಿಗೆಯ ಹೊಲಿಗೆಯನ್ನೋ, ಗಡಸು ಭಾಗವನ್ನು ಬಿಡಿಸಿ ಬೇರೆ ಪೊರೆಯ ತೇಪೆಯನ್ನೋ ಹಾಕುತ್ತಾರೆ.

ಗುಳಿಗೆಗಳ ಚರಿತ್ರೆಯೂ ಬಾರೇಜ್ ಬುಗ್ಗೆಯ ಚರಿತ್ರೆಯಂತೆಯೇ. 1940ರ ದಶಕದ ಕೊನೆಯಿಂದ ‘ಇ’ ಜೀವಸತ್ವವನ್ನು ದಶಕಗಳ ಕಾಲ ಕೊಟ್ಟರು. ಸರಿಯಾಗಿ ಹೋಲಿಸಿ ನೋಡಿದಾಗ ಅದರಿಂದ ಪ್ರಯೋಜನ ಕಾಣಲಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2015ರ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಕೊಡಬಾರದೆಂದೇ ಹೇಳಿತು.

ಇನ್ನೊಂದು ಮದ್ದಿನ ಕತೆ ಕುತೂಹಲಕರವಾದದ್ದು. ಕೈಬೆರಳುಗಳು ಅಂಗೈಯ ಕಡೆಗೆ ಮಡಚಿ ನಿಲ್ಲುವ ಒಂದು ತೊಂದರೆಯನ್ನು ಪ್ಯಾರಿಸ್ಸಿನ ಡ್ಯುಪ್ವಿಟ್ರನ್ 1831ರಲ್ಲಿ ವಿವರಿಸಿದ್ದ. ಅಲ್ಲಿಯೂ ಗಡಸು ಕೊಲಾಜೆನ್ ಪಟ್ಟಿಯೇ ಕಾರಣ. ಎರಡೂ ಕಾಯಿಲೆಗಳಿರುವ ರೋಗಿಗಳೂ ಇದ್ದಾರೆ. ಕೊಲಾಜೆನ್ನನ್ನು ಕರಗಿಸುವ, ಒಂದು ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವಕ್ಕೆ ಅಮೆರಿಕದಲ್ಲಿ ಕೈಯ ಚಿಕಿತ್ಸೆಗಾಗಿ 2010ರಲ್ಲಿ ಅನುಮತಿ ಸಿಕ್ಕಿತು. ಪೇರೋನಿ ಕಾಯಿಲೆಗೆ ಸಿಕ್ಕಿದ್ದು 2013ರ ಡಿಸೆಂಬರಿನಲ್ಲಿ. ನಾಲ್ಕು ಜನರ ಮುಂದೆ ಚಾಚಬಹುದಾದ ಕೈಗೆ ಮದ್ದು ಮೊದಲು ಬಂತು.

ಮತ್ತೆ ಬಿಕರ್ನಕಟ್ಟೆಗೆ

ಈಗ ಹೊರಟಲ್ಲಿಗೇ ಬರೋಣ. ಬಿಕರ್ನಕಟ್ಟೆಯಿಂದ ಬಸ್ಸು ಹತ್ತಿದರೆ ಮಂಗಳೂರಿನ ದೊಡ್ಡ ಆಸ್ಪತ್ರೆಗಳು ದೂರವಲ್ಲ. ಸರಕಾರಿ ವೆನ್ಲಾಕ್ ಆಸ್ಪತ್ರೆಯ ಆರಂಭ 1848ರಲ್ಲಿ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಕಸ್ತೂರ್‌ಬಾ ಮೆಡಿಕಲ್ ಕಾಲೇಜಿನ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅಲ್ಲಿನ ವಾರ್ಡುಗಳಲ್ಲೇ ವೈದ್ಯಕೀಯ ಕಲಿತರು. ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದರು.

ಫಾದರ್ ಮುಲ್ಲರ್ ಮಾಡಿದ ಇನ್ನೊಂದು ಕೆಲಸ ನಮ್ಮ ವಿಷಯಕ್ಕೆ ಹತ್ತಿರವಾದದ್ದು. 1890ರಲ್ಲಿ ಅವರು ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ಕಟ್ಟಿದರು. ಆ ಕಾಲದಲ್ಲಿ ಕುಷ್ಠವೆಂದರೆ ಪಾಪದ ಫಲ, ಮನೆಯವರೂ ಬಾಯಿ ಬಿಡದ ರೋಗ. ಅಂಥ ರೋಗಿಯನ್ನು ಹೆಸರು ಹಿಡಿದು ಕರೆದು, ಮಂಚ ಕೊಟ್ಟು, ಗಾಯ ತೊಳೆದಾಗ ಆ ರೋಗಕ್ಕೆ ಅಂಟಿದ್ದ ನಾಚಿಕೆ ಕರಗತೊಡಗಿತು. ಇಂದು ಅದು ಔಷಧಿಯಿಂದ ಪೂರ್ತಿ ಗುಣವಾಗುವ ರೋಗವೆಂದು ಶಾಲಾ ಮಕ್ಕಳಿಗೂ ಗೊತ್ತು. ಕುಷ್ಠದ ವಿಷಯದಲ್ಲಿ ಸಾಧ್ಯವಾದ ಮಾತು ಇದರ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಮೌನಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೇರೋನಿ ಕಾಯಿಲೆಯ ರೋಗಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಖಿನ್ನತೆಯಿಂದ ಬಳಲುತ್ತಿದ್ದರು. ಹೆಂಡತಿಗೂ ಹೇಳಲಾರದೆ, ಮನೆಯ ಡಾಕ್ಟರಿಗೂ ಹೇಳಲಾರದೆ ಕೊರಗುವವನ ಕಣ್ಣಿಗೆ ಬೀಳುವುದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ‘ಗುಪ್ತರೋಗ’ದ ಚೀಟಿ. ಸುಶ್ರುತನ ಕಾಲದ ಲೇಪವೇ ಹೊಸ ಡಬ್ಬಿಯಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಇದರ ವಿರುದ್ಧ ಕಾನೂನಿದೆ. ಲೈಂಗಿಕ ಶಕ್ತಿಯನ್ನು ಹೆಚ್ಚಿಸುತ್ತೇವೆಂದು ಮದ್ದಿನ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. ಜನನಾಂಗದ ಗಾತ್ರ, ಆಕಾರಗಳನ್ನು ಸರಿಪಡಿಸುತ್ತೇವೆಂದು ಮದ್ದು ಮಾರುವುದಕ್ಕೂ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ತಡೆಯಿದೆ. ಆದರೆ ಮೋಸಹೋದವನು ನಾಚಿಕೆಯಿಂದ ದೂರು ಕೊಡುವುದಿಲ್ಲ. ಕಳ್ಳವೈದ್ಯನ ನಿಜವಾದ ಬಂಡವಾಳ ಈ ನಾಚಿಕೆಯೇ.

ಹಾಗಾದರೆ ನೀವು ಏನು ಮಾಡಬಹುದು? ನಿಮಗೇ ಸಂಶಯವಿದ್ದರೆ ತಂದೆ, ಅಣ್ಣ, ಮಾವ ಅಥವಾ ನಂಬುಗೆಯ ಮೇಷ್ಟ್ರ ಬಳಿ ಹೇಳಿ, ಎಂ.ಬಿ.ಬಿ.ಎಸ್. ಓದಿದ ವೈದ್ಯರನ್ನು ಕಾಣಿರಿ. ಅಗತ್ಯವಿದ್ದರೆ ಅವರೇ ಮೂತ್ರರೋಗ ತಜ್ಞರ ಬಳಿಗೆ ಕಳಿಸುತ್ತಾರೆ. ಹೊಸದಾಗಿ ಗಂಟು, ನೋವು, ಬಾಗು ಕಾಣಿಸಿದರೆ ತಡಮಾಡಬಾರದು. ಪೆಟ್ಟು ಬಿದ್ದು ಒಮ್ಮೆಗೇ ಊತ, ತೀವ್ರ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಹುಟ್ಟಿದ ಮಗುವಿನ ಮೂತ್ರದ ಧಾರೆ ಕೆಳಕ್ಕೆ ಬೀಳುತ್ತಿದೆ ಎಂದು ಅಜ್ಜಿಯೋ ಅತ್ತಿಗೆಯೋ ಹೇಳಿದರೆ ನಕ್ಕು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ ಎನ್ನಿ. ಸಕ್ಕರೆ ಕಾಯಿಲೆಯವರಲ್ಲಿ ಪೇರೋನಿ ಕಾಯಿಲೆ ಹೆಚ್ಚು ಎಂಬುದು ನಿಮ್ಮ ಮನೆಯ ಹಿರಿಯರಿಗೆ ಉಪಯೋಗಕ್ಕೆ ಬರಬಹುದಾದ ಮಾಹಿತಿ.

ಕಟ್ಟೆಯ ಮೇಲೆ ಕುಳಿತು ಈ ವಿಷಯವನ್ನು ಹರಟಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲ ಮಾತಿಗೂ ಒಂದು ಜಾಗವಿದೆ. ಈ ಮಾತಿನ ಜಾಗ ವೈದ್ಯರ ಕೋಣೆ. ವೈದ್ಯರ ಮುಂದೆ, ವಕೀಲರ ಮುಂದೆ ಏನನ್ನೂ ಮುಚ್ಚಿಡಬಾರದು ಎಂದು ನಮ್ಮ ಹಿರಿಯರೇ ಹೇಳಿದ್ದಾರಲ್ಲ! 1743ರಲ್ಲಿ ಪ್ಯಾರಿಸ್ಸಿನ ಆ ಶಸ್ತ್ರವೈದ್ಯನಿಗೆ ಸರಿಯಾದ ಮದ್ದು ಗೊತ್ತಿರಲಿಲ್ಲ. ಆದರೂ ಅವನು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ. ಅವನ ಬಳಿಗೆ ಬಂದು, ಹೇಳಲಾರದ್ದನ್ನು ಹೇಳಿದ ರೋಗಿಗಳ ಹೆಸರು ನಮಗೆ ತಿಳಿದಿಲ್ಲ. ಅವರು ಬಾಯಿ ಬಿಟ್ಟದ್ದರಿಂದಲೇ ಈ ಚರಿತ್ರೆ ಆರಂಭವಾಯಿತು.